ಎಮೆಟ್ ಪಕ್ಕದ ಗೂಟ

ಅಕ್ಟೋಬರ್ ೧೪, ಮಂಗಳವಾರ

ಕಣ್ಣು ಮುಚ್ಚಿದರೂ ಆ ಗೂಟವೇ ಕಾಣುತ್ತಿದೆ.

ಗುಡ್ಡದಾಚೆ ಗ್ಯಾಸ್ ಬಾವಿ ಕೊರೆಯುತ್ತಿದ್ದಾರಲ್ಲ, ಒಂದು ಮೈಲಿ ಕೆಳಗಿಳಿದ ಕೊರಕ ಈಗ ಅಡ್ಡ ತಿರುಗಿ ನಮ್ಮೆಲ್ಲರ ಜಮೀನಿನ ಅಡಿಯಲ್ಲೇ ಹೊರಟಿದೆ. ಅದು ಎಲ್ಲಿಗೆ ಬಂತು ಅಂತ ಬಾವಿಯವರನ್ನು ದಿನಾ ಕೇಳಿಕೊಂಡು ಬಂದು, ಅದರ ನೇರಕ್ಕೆ ಮೇಲೆ ಬೇಲಿ ಗೂಟ ನೆಡುವುದು ಪಕ್ಕದ ಜಮೀನಿನ ಹಾರ್ಲನ್‌ನ ಕೆಲಸ. ಹಾಲು ಕರೆಯುವುದನ್ನೂ ಬಿಟ್ಟು ನೋಡಲು ಓಡುವುದು ನಮ್ಮ ಕೆಲಸ.

ಇವತ್ತು ಗೂಟ ನಮ್ಮ ಮೇಪಲ್ ಮರಗಳ ಕೆಳಗೆ, ನನ್ನ ಗಂಡ ಎಮೆಟ್‌ನ ಸಮಾಧಿಯ ಪಕ್ಕಕ್ಕೇ ಬಂತು. ಹಾರ್ಲನ್ ಟೋಪಿ ತೆಗೆದ.

"ಮೆಲ್ಲಗೆ ಕಾಲಿಡು ಮಾರಾಯ್ತಿ, ಕೆಳಗೆ ಕೆಲಸ ನಡೀತಿದೆ."

"ನಿನ್ನ ಬೂಟಿನ ಸದ್ದಿಗೇ ಎಮೆಟ್ ಎದ್ದು ಕೂತಿರ್ತಾನೆ ಬಿಡು."

ನಕ್ಕೆವು. ಆಮೇಲೆ ನಾನು ಬಗ್ಗಿ ಹುಲ್ಲಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು, ಅಷ್ಟೇ. ಒಂದು ಮೈಲಿ ಪೆನ್ಸಿಲ್ವೇನಿಯಾದ ಕಲ್ಲು, ಅದರಡಿ ಎಂದೋ ಕಲ್ಲಾದ ಸಮುದ್ರದ ಕೆಸರು. ಗ್ಯಾಸ್ ಇರುವುದು ಅದರಲ್ಲೇ; ಮೇಲಿನ ಜಮೀನು ನಮ್ಮದಾದ್ದರಿಂದ ಅದೂ ನಮ್ಮದೇ ಅಂತೆ. ನಾನೋ, ನೇಗಿಲು ಇಳಿಯುವಷ್ಟೇ ನೆಲ ನಮ್ಮದು ಅಂದುಕೊಂಡು ಬದುಕಿದವಳು.

ಗಂಡನನ್ನು ಆರಡಿ ಕೆಳಗೆ ಇಳಿಸಿದ ದಿನ, ಎಷ್ಟು ದೂರ ಹೋಗಿಬಿಟ್ಟ ಅಂತ ಅತ್ತಿದ್ದೆ. ಇವತ್ತು ಆ ಗೂಟದ ಹತ್ತಿರ ನಿಂತಾಗ ಅನ್ನಿಸಿತು, ಎಮೆಟ್ ಎಲ್ಲೂ ಹೋಗಿಲ್ಲ. ನಮ್ಮ ಜೊತೆ ಮೇಲೇ ಇದ್ದಾನೆ.