ಶಹಜಹಾನಳ ಹೆಸರಿನ ವಿದ್ಯಾರ್ಥಿವೇತನ

ಬೇಟಿ ಶಹಜಹಾನ,

ಇವತ್ತು ಧಾರವಾಡದ ನಿನ್ನ ಕಾಲೇಜಿನಲ್ಲಿ ಎಲ್ಲರೆದುರು ನಿನ್ನ ಹೆಸರು ಹೇಳಿದರು. ನೀನು ತೀರಿಕೊಂಡ ಮೇಲೆ, ಭಾಷಣ ಮತ್ತು ಪತ್ರಿಕಾ ಬರವಣಿಗೆ ಕಲಿಯುವವರಿಗೆಂದು ನಾನಿಟ್ಟ ವಿದ್ಯಾರ್ಥಿವೇತನ ಮೊದಲ ಸಲ ಅಮರಗೋಳದ ನೀಲಾಂಬಿಕೆ ಎಂಬ ಹುಡುಗಿಗೆ ಸಿಕ್ಕಿತು. ಹುಬ್ಬಳ್ಳಿಯ ಅಂಗಡಿ ಮುಚ್ಚಿಯೇ ಹೋಗಿದ್ದೆ. ಸ್ವರಾಜ್ಯ ಬಂದಾಗ ಹೆಣ್ಣುಮಕ್ಕಳೂ ಪತ್ರಿಕೆ ನಡೆಸಬೇಕು ಎಂದು ಅವಳು ಮಾತನಾಡಿದಳು. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ಆಮೇಲೆ ಅವಳು ನನ್ನ ಬಳಿಗೇ ಓಡಿಬಂದಳು.

“ಕಾಕಾ, ಶಹಜಹಾನ ಅಕ್ಕಾರು ಹೆಂಗ ಭಾಷಣ ಮಾಡ್ತಿದ್ರು? ನೀವು ಕೇಳಿರ್ತೀರಿ, ನನಗ ಹೇಳ್ರಿ.”

ನಿನ್ನ ಭಾಷಣ ಕೇಳಲು ನೀನು ಕರೆದಾಗಲೆಲ್ಲ ಅಂಗಡಿಯಲ್ಲಿ ಗಿರಾಕಿಗಳಿರುತ್ತಿದ್ದರು.

“ನಾನೂ ಕೇಳಿಲ್ಲವ್ವಾ,” ಎಂದೆ. “ನಡಿ, ಆಕಿಗೆ ಕಲಿಸಿದ ಮಾಸ್ತರರು ಅಲ್ಲೇ ನಿಂತಾರ. ಇಬ್ಬರೂ ಕೂಡಿ ಕೇಳೂಣು.”

ಮಾಸ್ತರರಿಗೆ ನಿನ್ನ ಒಂದು ಭಾಷಣ ಪೂರ್ತಿ ನೆನಪಿತ್ತು. ನೀನು ಎಲ್ಲಿ ತಡೆದು ನಿಲ್ಲುತ್ತಿದ್ದೆ, ಎಲ್ಲಿ ಕೈ ಎತ್ತುತ್ತಿದ್ದೆ ಎಂಬುದನ್ನೂ ಬಿಡದೆ ಮಾಡಿ ತೋರಿಸಿದರು. ನೀಲಾಂಬಿಕೆ ನಗುತ್ತಾ ಕೇಳಿದಳು. ಹುಬ್ಬಳ್ಳಿಯ ಬಸ್ಸು ಹೊರಟಿತೆಂದು ಯಾರೋ ಕೂಗಿದರೂ ನಾನು ಕದಲಲಿಲ್ಲ.

“ಇನ್ನೊಮ್ಮೆ ಹೇಳ್ರಿ ಮಾಸ್ತರ,” ಎಂದೆ, “ಮೊದಲಿಂದ.”

ನಿನ್ನ ಅಬ್ಬಾ,
ಅಬ್ದುಲಗನಿ