ಮುಂಡರಗಿಯ ಆ ಅಂಚು

ಉಸ್ತಾದ್, ನಿಮ್ಮ ಕೈಕೆಳಗೆ ಟೈಲ್ಸ್ ಕೆಲಸ ಕಲಿತ ಬೆಟಗೇರಿಯ ನೇಕಾರರ ಮನೆಯ ಪರಶುರಾಮನ ಸಲಾಂ.

ಹೋದ ವಾರ ಗದಗಿನ ಅಂಗಡಿಯಲ್ಲಿ ಮಂಗನಂತೆ ಕುಣಿದೆ. ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕುತ್ತಿದ್ದೇನೆ. ಮೆಟ್ಟಿಲ ಅಂಚಿಗೆ ಕೂಡಿಸಲು ನನ್ನ ಹೆಂಡತಿ ನಿಂಗವ್ವ ಫಳಫಳ ಹೊಳೆಯುವ ಲೋಹದ ಪಟ್ಟಿ ಆರಿಸಿದಳು, ಚೌಕ ಮೂತಿಯದು. ನಾನು ದುಂಡು ಮೂತಿಯದೇ ಬೇಕು ಎಂದೆ. "ದುಂಡಂದು ದವಾಖಾನಿ ಕಂಡಂಗ ಕಾಣ್ತೈತ್ರಿ" ಎಂದಳು. ಅವಳ ಕೈಯಿಂದ ಪಟ್ಟಿ ಕಿತ್ತು, ಮೊಣಕಾಲಿಗೆ ಹಚ್ಚಿ ಬಗ್ಗಿಸಿ ಬೀದಿಗೆ ಎಸೆದೆ. "ಹುಚ್ಚ ಹಿಡದೈತೇನ್ರಿ ನಿಮಗ? ಒಂದು ಪಟ್ಟಿಗೆ ಇಷ್ಟ್ಯಾಕ ಸಿಟ್ಟು?" ಎಂದು ಅಲ್ಲೇ ಅತ್ತಳು. ಅವಳಿಗೆ ಏನಂತ ಹೇಳಲಿ? ನಿಮಗೇ ಹೇಳಿರಲಿಲ್ಲ.

ಶಿರಹಟ್ಟಿಯ ಕೆಲಸ ನೆನಪಿದೆಯಾ? ಒಂದು ಅಂಚು ಒರಟಾಗಿತ್ತೆಂದು ಸುತ್ತಿಗೆ ತೆಗೆದುಕೊಂಡು ಇಡೀ ಮೆಟ್ಟಿಲನ್ನು ಪುಡಿ ಮಾಡಿದಿರಿ. ಆಮೇಲೆ ಕರಣಿ ಬೀಸಿ ಒಗೆದಿರಿ. ನನ್ನ ಹುಬ್ಬಿನ ಮೇಲೆ ಆ ಕಲೆ ಇನ್ನೂ ಇದೆ. "ಲೇ ಮಗ್ಗದವನ, ಬೆರಳ ಆಡಿಸಿ ನೋಡು! ರಕ್ತ ಬಂದ್ರ ಅದು ಅಂಚಲ್ಲ, ಚೂರಿ!" ಪಟ್ಟಿ ಎಂದರೆ ಉರಿದುಬೀಳುತ್ತಿದ್ದಿರಿ. "ತಿಕ್ಕಾಕ ಬರದವ್ರು ಪಟ್ಟಿ ಹಚ್ತಾರ" ಎನ್ನುತ್ತಿದ್ದಿರಿ. ಪ್ರತಿ ಅಂಚನ್ನೂ ಓರೆಯಾಗಿ ಕೊಯ್ದು, ಕಲ್ಲಿನಿಂದ ತಿಕ್ಕಿ, ಕೊನೆಗೆ ಕಣ್ಣು ಮುಚ್ಚಿ ಬೆರಳು ಎಳೆದು ನೋಡುತ್ತಿದ್ದಿರಿ. ನಿಮಗೆ ನಾನು ಎಷ್ಟು ಹೆದರುತ್ತಿದ್ದೆ, ಗೊತ್ತಾ?

ಮುಂಡರಗಿಯ ಬಚ್ಚಲ ಮೆಟ್ಟಿಲಿಗೂ ಹಾಗೆಯೇ ಬೆರಳು ಎಳೆದು "ಆತು" ಎಂದು ನಮಾಜಿಗೆ ಹೋದಿರಿ. ಮೂರನೆಯ ದಿನ ಮನೆಯೊಡೆಯನ ತಾಯಿ ಅಲ್ಲಿ ಜಾರಿ ಬಿದ್ದಳು. ಅಂಚು ಅವಳ ಮೊಣಕಾಲ ಕೆಳಗೆ ಎಲುಬು ಕಾಣುವಂತೆ ಸೀಳಿತ್ತು. ಉಳಿದ ಕೆಲಸಕ್ಕೆಂದು ನಾವು ಹೋದಾಗ ಮಗ ನಿಮ್ಮ ಕೊರಳು ಹಿಡಿದು ಅಂಗಳಕ್ಕೆ ಎಳೆದು ಸಲಿಕೆಯ ಹಿಡಿಯಿಂದ ಬಡಿದ. ತಲೆಗೆ ಅಡ್ಡ ಹಿಡಿದ ನಿಮ್ಮ ಬಲಗೈ ಲಟಕ್ಕೆಂದದ್ದು ನನಗೆ ಕೇಳಿಸಿತು. "ಹೊಡೀರಿ. ನಾನ ನೋಡಿ ಆತು ಅಂದಿದ್ದೆ" ಎಂದಿರಿ. ನಾನು ಬಕೆಟ್ ಹಿಡಿದು ನಿಂತೇ ಇದ್ದೆ.

ಮರಳಿ ಬರುವಾಗ ಬಸ್ಸಿನಲ್ಲಿ ನೀವು ಒಂದೇ ಮಾತು ಆಡಿದಿರಿ. "ನನ್ನ ಬೆರಳ ಸತ್ತಾವಲೇ." ಕೈ ಕೂಡಿದ ಮೇಲೂ ಕೆಲಸ ಮುಟ್ಟಲಿಲ್ಲ. ಸಾಯುವವರೆಗೂ ಲಕ್ಷ್ಮೇಶ್ವರದ ಮನೆಯ ಕಟ್ಟೆಯ ಮೇಲೆ ಕುಳಿತು ಆ ಬೆರಳುಗಳನ್ನೇ ತಿಕ್ಕುತ್ತಿದ್ದಿರಿ. ಉಸ್ತಾದ್, ನೀವು ನಮಾಜಿಗೆ ಹೋದಾಗ ನನ್ನ ಕೈಯಿಂದ ಸುತ್ತಿಗೆ ಜಾರಿ, ನೀವು ಮುಟ್ಟಿ ನೋಡಿದ್ದ ಅಂಚಿನ ಟೈಲ್ಸ್ ಒಡೆದಿತ್ತು. ನಿಮ್ಮ ಕರಣಿಗೆ ಹೆದರಿ ಬೇರೆ ತುಂಡು ಕೊಯ್ದು ಕೂಡಿಸಿದೆ. ತಿಕ್ಕಬೇಕು ಎನ್ನುವಷ್ಟರಲ್ಲಿ ನೀವು ಬಂದಿರಿ, "ನಡಿಯಲೇ, ಬಸ್ ಬಂತು" ಎಂದಿರಿ, ನಾನು... ಬಾಯಿ ಬಿಡಲಿಲ್ಲ. ಅಂಗಳದಲ್ಲಿ ನಿಮಗೆ ಏಟು ಬೀಳುತ್ತಿದ್ದಾಗಲೂ ಬಿಡಲಿಲ್ಲ. ನಾನೆಂಥ ಹೇಡಿ!

ನಿನ್ನೆ ಮುಂಡರಗಿಗೆ ಹೋಗಿ ಅವರ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಮಗ ಕಪಾಳಕ್ಕೆ ಬಾರಿಸಿದ ಏಟಿಗೆ ತುಟಿ ಒಡೆದು ಬಾಯಿ ತುಂಬ ರಕ್ತ. ಮತ್ತೆ ಕೈ ಎತ್ತಿದ. ಅಜ್ಜಿ ಕುಂಟುತ್ತ ಹೊರಬಂದು, "ಬಿಡೋ ಸಾಕು. ಮಾಡದ ತಪ್ಪಿಗೆ ಆ ಮುದುಕನ ಕೈ ಮುರದೀ, ಇನ್ನೂ ಸಮಾಧಾನ ಆಗಿಲ್ಲೇನು?" ಎಂದು ಗದರಿದಳು. ನನ್ನತ್ತ ತಿರುಗಿ, "ಒಳಗ ಬಾ. ಆ ಅಂಚಿನ ಮ್ಯಾಲೆ ಇನ್ನೂ ಗೋಣಿಚೀಲ ಹಾಸೀವಿ" ಎಂದಳು.

ಪಟ್ಟಿ ಕೂಡಿಸಬೇಕೆಂದರೆ ಅದರ ಚಪ್ಪಟೆ ಕಾಲು ಟೈಲ್ಸಿನ ಅಡಿಗೆ ಹೋಗಬೇಕು, ಹಾಗಾಗಿ ಇಡೀ ಸಾಲನ್ನೇ ಒಡೆಯಬೇಕಾಯಿತು. ನನ್ನ ಬಳಿ ಉಳಿದಿರುವ ನಿಮ್ಮ ಸುತ್ತಿಗೆಯಿಂದಲೇ ಒಡೆದೆ, ನಿಮ್ಮ ಹಾಗೆಯೇ ಬೈಯುತ್ತ, ಚೂರು ಮುಖಕ್ಕೆ ಸಿಡಿದರೂ ನಿಲ್ಲದೆ. ಆಮೇಲೆ ಜೊತೆಗೆ ಒಯ್ದಿದ್ದ ದುಂಡು ಪಟ್ಟಿ ಕೂಡಿಸಿದೆ. ಬೇಕಾದರೆ ಬೈಯಿರಿ. ಅಜ್ಜಿ ಬಗ್ಗಿ ಆ ಅಂಚಿನುದ್ದಕ್ಕೂ ಬೆರಳು ಎಳೆದು "ಆತು" ಎಂದಳು.

ನಿಮ್ಮ ಬೆರಳು ಸತ್ತಿರಲಿಲ್ಲ, ಉಸ್ತಾದ್. ನೀವು ಮುಟ್ಟಿ ನೋಡಿದ ಟೈಲ್ಸೇ ಬೇರೆ.