ಹುಳು ಹಣ್ಣಾಗುವ ದಿನ

ಟೇಕಲ್ ಹತ್ತಿರ, ನಮ್ಮ ಮನೆಯಿಂದ
ಭಾನುವಾರ, 4 ಜನವರಿ 2026

ಪ್ರೀತಿಯ ತಮ್ಮ ಅಮರನಾಥನಿಗೆ,

ನೀನು, ಚಂದನ, ಮಗು ಮೂವರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ದಾಂಡೇಲಿಯಲ್ಲಿ ಈಗ ಇಲ್ಲಿಗಿಂತ ಹೆಚ್ಚು ಚಳಿ ಇರಬೇಕು. ಕಾಗದದ ಕಾರ್ಖಾನೆಯಲ್ಲಿ ಇನ್ನೂ ರಾತ್ರಿ ಪಾಳಿಯೇ ಇದ್ದರೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋಗು. ಚಿಕ್ಕಂದಿನಿಂದ ನಿನಗೆ ಮೊದಲು ಹಿಡಿಯುವುದು ಕಿವಿ ನೋವೇ. ಚಂದನಾಳ ಮೊಣಕಾಲು ನೋವು ಹೇಗಿದೆ? ಹಿಪ್ಪುನೇರಳೆ ಕೊಯ್ದೂ ಕೊಯ್ದೂ ನನ್ನ ಬೆರಳು ಸೀಳಿವೆ, ಅದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಅಪ್ಪನೂ ಈಗ ಚೆನ್ನಾಗಿದ್ದಾರೆ. ಈಗ ಎಂದು ಯಾಕೆ ಬರೆದೆ ಎಂಬುದನ್ನು ಮುಂದೆ ಹೇಳುತ್ತೇನೆ. ಗಾಬರಿಯಾಗಬೇಡ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸಾಕು, ಅಪ್ಪ ಜಗಲಿಗೆ ಬಂದು ಕೂತು ಬೀಡಿ ಹಚ್ಚುತ್ತಾರೆ. ಇನ್ನು ನಿನಗೆ ಅರ್ಧ ಮಾತಿಗೇ ಕೋಪ ಬರುತ್ತದೆ. ದೀಪಾವಳಿಯ ದಿನ ಹಾಗೇ ಆಯಿತಲ್ಲ. "ಅಕ್ಕಾ, ಅಪ್ಪ ಇರೋವರೆಗೂ ತಡ್ಕೋ. ಆಮೇಲೆ ನೀನು ಯಾವ ನೀರಲ್ಲಿ ಬೇಕಾದ್ರೂ ಮುಳುಗು, ಯಾರು ಕೇಳ್ತಾರೆ" ಎಂದು ಹೇಳಿ ಇಟ್ಟುಬಿಟ್ಟೆ. ನನ್ನ ಒಳ್ಳೆಯದಕ್ಕೇ ಹೇಳಿದೆ ಎಂದು ಗೊತ್ತು. ಆ ಮಾತಿಗೆ ಈಗ ಉತ್ತರ ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಎಲ್ಲವೂ ಗೊತ್ತಿಲ್ಲದ್ದರಿಂದ ಮೊದಲಿನಿಂದ ಹೇಳುತ್ತೇನೆ. ಅಮ್ಮ ಕೋಲಾರದ ಆಸ್ಪತ್ರೆಯಲ್ಲಿ ಇದ್ದ ನಲವತ್ತಮೂರು ದಿನ ನಾನೇ ಜೊತೆಗಿದ್ದೆ. ಆ ವಾರ್ಡಿನ ಆಯಾ ಭಾರತಮ್ಮ ಅಮ್ಮನನ್ನು ಹೊರಳಿಸಿ ಒರೆಸುತ್ತಿದ್ದ ರೀತಿ ನೋಡಿದ್ದೀಯಲ್ಲ, ನೀನೂ ಎರಡು ಸಲ ಬಂದಿದ್ದೆ. ಆಕೆ ಏಸುವನ್ನು ನಂಬುವವಳು, ಆದರೆ ನನಗೆ ಧರ್ಮ ಬೋಧಿಸಲಿಲ್ಲ. ಕೆಲಸ ಮುಗಿದ ಮೇಲೆ ಮಂಚದ ಪಕ್ಕ ಎರಡು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಒಂದು ದಿನ ಆಕೆಯ ರಜೆ ಇತ್ತು. ಅಮ್ಮ ಬಾಗಿಲ ಕಡೆ ನೋಡುತ್ತಾ, "ಆ ಯಮ್ಮ ಬರಲಿಲ್ವೇನೇ? ನನಗೋಸ್ಕರ ಯಾರು ಕೇಳ್ಕೊಳ್ತಾರೆ ಇವತ್ತು?" ಎಂದಳು. ನಾನೇ ನಿಂತು ಕಣ್ಣು ಮುಚ್ಚಿದೆ. ಏನು ಹೇಳಬೇಕೆಂದು ತಿಳಿಯದೆ ಅಮ್ಮನ ಹೆಸರನ್ನು ಮಾತ್ರ ಹೇಳಿದೆ, ಆದಿಲಕ್ಷ್ಮಮ್ಮ ಎಂದು. ನನ್ನ ಪ್ರಾರ್ಥನೆ ಶುರುವಾದದ್ದು ಹೀಗೆ. ಅಮ್ಮ ಉಳಿಯಲಿಲ್ಲ. ನಾನು ಪ್ರಾರ್ಥನೆ ಬಿಡಲಿಲ್ಲ. ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಮಾಲೂರಿನ ಕ್ರೈಸ್ತ ಸಭೆಗೆ ಹೋಗಿ, ರೇಷ್ಮೆ ಹುಳುವಿಗೆ ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಿಗೆ ವಾಪಸ್ಸು ಬರುತ್ತೇನೆ.

ಅಪ್ಪ ಒಂದು ಭಾನುವಾರವೂ ಸುಮ್ಮನಿದ್ದಿಲ್ಲ. "ಒಂದು ಬನ್ನಿಗೆ ಕುಲ ಮಾರ್ಕೊಂಡೋಳು" ಎಂದು ಬಸ್‌ಸ್ಟಾಪಿನಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದಾರೆ. ಅಮ್ಮನ ಎಡೆಯ ದಿನ ಅಡುಗೆ ಪೂರ್ತಿ ನಾನೇ ಮಾಡಿದರೂ, ಎಡೆ ಇಡುವಾಗ ಒಳಗೆ ಬರಬೇಡ ಎಂದು ಹಿತ್ತಲಿಗೆ ಕಳಿಸಿದರು. ನನ್ನ ಬೈಬಲನ್ನು ಒಲೆಗೆ ಹಾಕಲಿಲ್ಲ, ಅದೊಂದು ಹೇಳಬೇಕು. ತೆಗೆದುಕೊಂಡು ಹೋಗಿ ಹಂದಿಗೂಡಿನಂತಿರುವ ಆ ಹಳೇ ಗೊಬ್ಬರದ ಕೋಣೆಯಲ್ಲಿ ಇಟ್ಟರು. ನಾನು ಅಲ್ಲೇ ಹೋಗಿ ಓದುತ್ತೇನೆ. ಅವರು ಇದನ್ನೂ ನೋಡಿದ್ದಾರೆ, ಮತ್ತೆ ಜಾಗ ಬದಲಿಸಿಲ್ಲ.

ಇದೇ ಅಪ್ಪ ಹನ್ನೊಂದು ವರ್ಷದ ಹಿಂದೆ ನನ್ನ ಗಂಡನ ಮನೆಗೆ ಲಗೇಜ್ ಆಟೋ ತಂದು, ನನ್ನ ಟ್ರಂಕನ್ನು ತಾವೇ ಹೊತ್ತು ಹಾಕಿ, ಬೀದಿಯವರಿಗೆಲ್ಲ ಕೇಳುವಂತೆ "ನಡಿಯಮ್ಮ, ಹುಳುವಿಗೆ ಸೊಪ್ಪು ಹಾಕೋಕೆ ಆಳು ಸಿಗ್ತಿಲ್ಲ" ಎಂದಿದ್ದರು. ಗಂಡ ಬಿಟ್ಟವಳು ಎಂದು ಯಾರೂ ಅನ್ನಬಾರದೆಂದು. ಇವತ್ತಿನವರೆಗೂ ಅಲ್ಲಿ ಏನಾಯಿತೆಂದು ನನ್ನನ್ನು ಕೇಳಿಲ್ಲ. ಅವರ ಬೈಗುಳ ಕೇಳಿ ಸಾಕಾದಾಗಲೆಲ್ಲ ನಾನು ಆ ಆಟೋ ನೆನೆಸಿಕೊಳ್ಳುತ್ತೇನೆ. ಇತ್ತೀಚೆಗೆ ದಿನಕ್ಕೆ ಎರಡು ಮೂರು ಸಲ ನೆನೆಸಿಕೊಳ್ಳಬೇಕಾಗುತ್ತಿದೆ.

ಇಷ್ಟು ದಿನ ನಾನು ದೀಕ್ಷಾಸ್ನಾನ ತೆಗೆದುಕೊಳ್ಳದೆ ಇದ್ದದ್ದು ಬೈಗುಳಕ್ಕೆ ಹೆದರಿ ಅಲ್ಲ. ಮೊದಲ ವರ್ಷವೇ ಅವರು ಕುರುಡುಮಲೆಗೆ ಹೋಗಿ ಬಂದು, "ಗಣಪ್ಪನ ಮುಂದೆ ಆಣೆ ಇಟ್ಟಿದೀನಿ. ನೀನು ಆ ನೀರಲ್ಲಿ ಮುಳುಗಿದ ದಿನದಿಂದ ನಿನ್ನ ಕೈಯಿಂದ ಒಂದು ಲೋಟ ನೀರೂ ಕುಡಿಯಲ್ಲ" ಎಂದರು. ನಮ್ಮಪ್ಪನ ಆಣೆ ನಿನಗೆ ಗೊತ್ತು. ತಮ್ಮ ಅಣ್ಣ, ನಮ್ಮ ಪೆದ್ದಪ್ಪನ ಜೊತೆ ಬಾವಿ ಜಗಳವಾದಾಗ ಇಟ್ಟ ಆಣೆಗೆ ಅವರ ಹೆಣ ನೋಡಲೂ ಹೋಗಲಿಲ್ಲ. ಅಪ್ಪ ಸಕ್ಕರೆ ಕಾಯಿಲೆಯವರು, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಸೂಜಿ ಹಾಕುವುದೂ ನಾನೇ, ಮುದ್ದೆ ಹಾಕುವುದೂ ನಾನೇ. ಹಾಗಾಗಿ ಪಾಸ್ಟರ್ ಕೇಳಿದಾಗಲೆಲ್ಲ ಬರುವ ವರ್ಷ, ಬರುವ ವರ್ಷ ಎನ್ನುತ್ತಾ ಬಂದೆ.

ಈ ಸಲ ನವೆಂಬರಿನಲ್ಲಿ ಸಭೆಯಲ್ಲಿ ಆರು ಜನರಿಗೆ ಡಿಸೆಂಬರ್ 25ರಂದು ದೀಕ್ಷಾಸ್ನಾನ ಎಂದು ಗೊತ್ತುಮಾಡಿದರು. ಆ ಆರರಲ್ಲಿ ನಾನೂ ಹೆಸರು ಕೊಟ್ಟೆ. ಕದ್ದು ಹೋಗಬಾರದೆಂದು ಅವತ್ತು ಸಂಜೆಯೇ ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ, ಸುಮ್ಮನೆ ಎದ್ದು ತೋಟಕ್ಕೆ ಹೋದರು. ಒಂದು ತಿಂಗಳು ಆ ವಿಷಯ ಎತ್ತಲಿಲ್ಲ. ಒಪ್ಪಿಕೊಂಡರೇನೋ ಎಂದು ನಾನು ಒಳಗೊಳಗೇ ಸಮಾಧಾನ ಪಟ್ಟೆ. ಎಷ್ಟು ದಡ್ಡಿ ನೋಡು.

ಡಿಸೆಂಬರ್ ಏಳಕ್ಕೆ ಚಾಕಿ ಕೇಂದ್ರದ ಮರಿ ಹುಳು ಬಂತು, ನೂರು ಮೊಟ್ಟೆಯದು, ನಲವತ್ತು ಸಾವಿರದಷ್ಟು. ತಂದುಕೊಟ್ಟ ಚನ್ನರಾಯಪ್ಪ ನೀರು ಕುಡಿಯುತ್ತಾ, "ಏನಮ್ಮ ನಿಮ್ಮಪ್ಪನ ಹಠ. ನಾಲ್ಕಕ್ಕೇ ಮರಿ ರೆಡಿ ಇದೆ ತಗೋ ಅಂದ್ರೆ ಬೇಡ, ಏಳನೇ ತಾರೀಕೇ ಕೊಡು ಅಂತ ಮೂರು ಸಲ ಬಂದಿದ್ರು" ಎಂದ. ಅವನು ಹೋದ ಮೇಲೆ ನಾನು ಬೆರಳಲ್ಲಿ ಎಣಿಸಿದೆ. ಎರಡನೇ ಜ್ವರ ಎದ್ದು ಪೊರೆ ಬಿಟ್ಟ ಮರಿ ನಮ್ಮಲ್ಲಿ ಗೂಡು ಕಟ್ಟುವಷ್ಟು ಹಣ್ಣಾಗಲು ಹದಿನೆಂಟು ದಿನ. ಏಳಕ್ಕೆ ಹದಿನೆಂಟು ಸೇರಿಸಿದರೆ ಇಪ್ಪತ್ತೈದು. ಹುಳು ಹಣ್ಣಾಗಿ ತಲೆ ಎತ್ತಿದರೆ ಮನೆಯಲ್ಲಿ ಯಾರೂ ಅಲುಗುವಂತಿಲ್ಲ. ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಸಿಗುವುದು ಕೆಲವೇ ಗಂಟೆ. ತಡವಾದರೆ ನೂಲೆಲ್ಲ ತಟ್ಟೆಗೇ ಸುತ್ತಿ ವ್ಯರ್ಥ ಮಾಡುತ್ತವೆ. ಈ ಕೆಲಸ ಬಿಟ್ಟು ಹೋಗುವವಳು ನಾನಲ್ಲ ಎಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತು. ಬಾಗಿಲಿಗೆ ಬೀಗ ಹಾಕುವ ಬದಲು ಹುಳು ತಂದಿದ್ದರು.

ನಾನೂ ನನ್ನ ಏರ್ಪಾಡು ಮಾಡಿಕೊಂಡೆ. ಹಿಂದಿನ ಬೀದಿಯ ಅಕ್ಕಯಮ್ಮನಿಗೆ ಹೇಳಿ, ಅವತ್ತು ಇನ್ನಿಬ್ಬರು ಹೆಂಗಸರನ್ನು ಕರೆತರಲು ಒಪ್ಪಿಸಿದೆ. "ನಿಮ್ಮಪ್ಪ ಮಗಳ ಮೇಲೆ ಹುಳು ಬಿಟ್ಟು ಯುದ್ಧ ಮಾಡ್ತಾನಲ್ಲೇ" ಎಂದು ಅವಳು ನಕ್ಕಳು. ನಗು ನನಗೂ ಬಂತು. ಆದರೆ ಅಪ್ಪನೂ ನಾನೂ ಒಂದು ಲೆಕ್ಕ ಬಿಟ್ಟಿದ್ದೆವು. ಈ ಸಲದ ಚಳಿ. ಹುಳು ಸೊಪ್ಪು ತಿನ್ನುವುದೇ ನಿಧಾನವಾಯಿತು, ನಾಲ್ಕನೇ ಜ್ವರ ಏಳಲು ಎರಡು ದಿನ ತಡವಾಯಿತು. ಇಪ್ಪತ್ಮೂರನೇ ತಾರೀಕು ನೋಡಿದರೆ ಇಪ್ಪತ್ತೇಳಕ್ಕೆ ಮೊದಲು ಹಣ್ಣಾಗುವ ಲಕ್ಷಣವಿಲ್ಲ. ಅಪ್ಪನೂ ನೋಡಿದರು. ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು.

ಮಾರನೇ ದಿನ ಬೆಳಿಗ್ಗೆ ಸೊಪ್ಪು ಹಾಕಿದ ಮೇಲೆ, "ನೀನು ಒಳಗೆ ಬರಬೇಡ, ನಾನೇ ನೋಡ್ಕೋತೀನಿ" ಎಂದರು. ಹುಳು ಮನೆಯ ಕಿಟಕಿಗಳಿಗೆ ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹೊಡೆದು, ನಾಲ್ಕು ಕುಂಪಟಿಗೆ ಇದ್ದಿಲು ತುಂಬಿ ಹಚ್ಚಿ, ಒಳಗಿನಿಂದ ಬಾಗಿಲು ಹಾಕಿಕೊಂಡರು. ಒಂದು ಕುಂಪಟಿ ಇಟ್ಟು ಕಿಟಕಿ ತೆಗೆದಿಡುವುದು ನಾವು ಮಾಡುತ್ತಿದ್ದದ್ದು, ಅದನ್ನು ನಮಗೆ ಕಲಿಸಿದವರೇ ಅವರು. ಬಿಸಿಗೆ ಹುಳು ಬೇಗ ಹಣ್ಣಾಗಲಿ, ಇಪ್ಪತ್ತೈದಕ್ಕೇ ಆಗಲಿ ಎಂಬ ಆತುರ. ಮಧ್ಯಾಹ್ನ ಒಂದೂವರೆಗೆ ಸೊಪ್ಪಿನ ಹೊರೆ ಹೊತ್ತು ಹೋದೆ. ಕೂಗಿದರೆ ಮಾತಿಲ್ಲ. ಅಗುಳಿ ಹಳೆಯದು, ಮೂರು ಸಲ ಒದ್ದ ಮೇಲೆ ಕಿತ್ತು ಬಂತು. ಅಪ್ಪ ತಟ್ಟೆಗಳ ಎರಡನೇ ಸಾಲಿನ ಕೆಳಗೆ ಅಡ್ಡ ಬಿದ್ದಿದ್ದರು. ಕೈಯಲ್ಲಿ ಸೊಪ್ಪಿನ ರೆಂಬೆ ಹಾಗೇ ಇತ್ತು.

ಅಮರ, ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ, ಪಾಸ್ಟರಿಗೂ ಹೇಳಿಲ್ಲ. ಬಾಗಿಲಲ್ಲಿ ನಿಂತು ಅವರನ್ನು ನೋಡಿದಾಗ, ಓಡುವ ಮೊದಲು, ನನ್ನ ತಲೆಯಲ್ಲಿ ಒಂದು ಮಾತು ಬಂತು. ಇನ್ನು ನಾನು ಹೋಗಬಹುದು, ಎಂದು. ಅಷ್ಟೇ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಇರಬಹುದು. ಆಮೇಲೆ ಅವರ ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದೆ, ಕೂಗಿದೆ, ಪಕ್ಕದ ಮನೆಯ ವೆಂಕಟ್ ಆಟೋ ತಂದ, ಮಾಲೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಇನ್ನು ಅರ್ಧ ಗಂಟೆಯಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸುತ್ತಲಿನವರು ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ಇಪ್ಪತ್ತೈದನ್ನು ಆ ಮಂಚದ ಪಕ್ಕವೇ ಕಳೆದೆ. ಸಭೆಯಿಂದ ನಡೆದು ಬರುವಷ್ಟು ದೂರದಲ್ಲೇ ಆಸ್ಪತ್ರೆ. ಉಳಿದ ಐವರಿಗೆ ಸ್ನಾನವಾಯಿತು. ಮರುದಿನ ಅಪ್ಪನನ್ನು ಮನೆಗೆ ಕರೆತಂದೆ. ಹೊಗೆಗೆ ಅರ್ಧದಷ್ಟು ಹುಳು ಮೆತ್ತಗಾಗಿ ಸತ್ತಿದ್ದವು. ಉಳಿದವು ಇಪ್ಪತ್ತೇಳಕ್ಕೆ ಹಣ್ಣಾದವು. ನಾನೂ ಅಕ್ಕಯಮ್ಮನೂ ಆರಿಸುತ್ತಿದ್ದರೆ ಅಪ್ಪ ಹೊರಗೆ ಮಂಚದ ಮೇಲೆ ಕೂತು, "ಹಸಿ ಹುಳ ಬಿಡ್ಬೇಡಿ, ಕಣ್ಣು ಎಲ್ಲಿ ಇಟ್ಕೊಂಡಿದ್ದೀರಾ" ಎಂದು ಕೂಗುತ್ತಿದ್ದರು. ಅಕ್ಕಯಮ್ಮ ಸುಮ್ಮನಿರಲಾರದೆ, "ಮಾವಾ, ಮಗಳ ದೇವರು ದೊಡ್ಡವನು, ನಿನ್ನನ್ನ ಉಳಿಸಿದ" ಎಂದುಬಿಟ್ಟಳು. ಅಪ್ಪನಿಗೆ ಕೋಪ ಬಂದರೆ ತೆಲುಗೇ ಬರುವುದು. "ವಾಳ್ಳ ದೇವುಡಾ ನನ್ನು ಲಾಗಿಂದಿ? ಇದಿ ಲಾಗಿಂದಿ" ಎಂದರು. ಅವರ ದೇವರು ಎಳೆದನಾ, ಎಳೆದದ್ದು ಇವಳು, ಎಂದು. ಮೂರು ವರ್ಷದಲ್ಲಿ ನನ್ನ ಬಗ್ಗೆ ಅವರು ಆಡಿದ ಒಳ್ಳೆಯ ಮಾತು ಅದೊಂದೇ. ಅದನ್ನು ಕೇಳಿ ನನಗೆ ಇನ್ನಷ್ಟು ಸುಸ್ತಾಯಿತು. ಎಳೆಯುವ ಮುಂಚೆ ನಾನು ನಿಂತಿದ್ದೆ ಎಂಬುದು ಅವರಿಗೆ ಗೊತ್ತಿಲ್ಲವಲ್ಲ.

ನಿನ್ನ ಮಾತಿಗೆ ನನ್ನ ಉತ್ತರ ಇದೇ. ಅಪ್ಪ ಇರುವವರೆಗೂ ತಡೆದುಕೊ ಎಂದೆ. ತಡೆದುಕೊಳ್ಳುವುದು ಎಂದರೆ ಕಾಯುವುದು, ಮತ್ತು ನಾನು ಯಾವುದಕ್ಕೆ ಕಾಯುತ್ತಿದ್ದೆ ಎಂಬುದನ್ನು ಆ ಬಾಗಿಲಲ್ಲಿ ಕಂಡೆ. ಬೆಳಿಗ್ಗೆ ಸಂಜೆ ಅವರಿಗೆ ಸೂಜಿ ಹಾಕುವ ಕೈ ನನ್ನದು. ಅವರು ಯಾವಾಗ ಹೋಗುತ್ತಾರೆಂದು ಒಳಗೆ ಎಣಿಸುತ್ತಾ ಆ ಕೈಯಲ್ಲಿ ಸೂಜಿ ಹಿಡಿಯಲು ನನ್ನಿಂದಾಗದು. ಅವರು ನೂರು ವರ್ಷ ಇರಲಿ ಎಂದು ಮನಸ್ಸಿನಿಂದ ಕೇಳಿಕೊಳ್ಳಬೇಕಾದರೆ, ಅವರು ಬದುಕಿರುವಾಗಲೇ ನಾನು ಹೋಗಿ ಬರಬೇಕು. ಜನವರಿ 25, ಭಾನುವಾರ, ನನ್ನೊಬ್ಬಳಿಗೇ ಸ್ನಾನ ಕೊಡುತ್ತಾರೆ. ಯಾರ ಒತ್ತಾಯವೂ ಇಲ್ಲ ಎಂದು ಪಾಸ್ಟರಿಗೆ ಕೈಬರಹದಲ್ಲಿ ಬರೆದುಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಅಪ್ಪನಿಗೂ ಹೇಳಿದೆ. ಡಾಕ್ಟರು ಒಂದು ತಿಂಗಳು ಹುಳು ಬೇಡ ಎಂದಿರುವುದರಿಂದ ಈ ಸಲ ನನ್ನನ್ನು ತಡೆಯಲು ಅವರು ತರುವುದಕ್ಕೆ ಏನೂ ಇಲ್ಲ. ಅವರು, "ಆಣೆ ಆಣೆಯೇ. ನಾನು ಮಾತು ತಪ್ಪೋನಲ್ಲ" ಎಂದರು. ನಾನು ಸರಿ ಎಂದೆ. ಆಮೇಲೆ ಇಬ್ಬರೂ ಮುದ್ದೆ ತಿಂದೆವು.

ಮಗುವಿಗೆ ನನ್ನ ಮುತ್ತು. ಚಂದನಾಳಿಗೆ ಎಳ್ಳೆಣ್ಣೆ ಕಾಯಿಸಿ ಮೊಣಕಾಲಿಗೆ ಹಚ್ಚಲು ಹೇಳು. ನಿನಗೆ ಒಳ್ಳೆಯದಾಗಲಿ. ಯಾವ ದೇವರ ಹೆಸರಿನಲ್ಲಿ ಹರಸುತ್ತಿದ್ದಾಳೆ ಎಂದು ಕೇಳಬೇಡ, ಅಕ್ಕನ ಹರಕೆ ಎಂದು ತೆಗೆದುಕೊ.

ನಿನ್ನ ಅಕ್ಕ,
ಸುನಂದ

ಮರೆತದ್ದು: ಅಂಚೆ ಡಬ್ಬದ ಹತ್ತಿರವೇ ನಿಂತು ಬರೆಯುತ್ತಿದ್ದೇನೆ. ನೀನು ಶನಿವಾರ, 24ರ ಸಂಜೆಯೊಳಗೆ ಬಾ, ಚಂದನಾಳನ್ನೂ ಕರೆತಾ. ಒಂದು ವಾರವಾದರೂ ಇರಬೇಕು. ಸಭೆಗೆ ಬಾ ಎನ್ನುತ್ತಿಲ್ಲ. ಅವತ್ತು ಮಧ್ಯಾಹ್ನದಿಂದ ಅಪ್ಪ ನನ್ನ ಕೈಯಿಂದ ತಿನ್ನುವುದಿಲ್ಲ, ಸೂಜಿಯನ್ನೂ ಬೇಡ ಎನ್ನಬಹುದು. ಸೂಜಿ ಹಾಕುವುದನ್ನು ಅಲ್ಲಿಯೇ ಯಾವುದಾದರೂ ನರ್ಸಿನ ಹತ್ತಿರ ಕಲಿತು ಬಾ. ಸೂಜಿ ಆದ ಮೇಲೆ ಊಟ ತಪ್ಪಿದರೆ ಬೆವರಿ ತಲೆ ಸುತ್ತುತ್ತದೆ, ಅದನ್ನು ಮರೆಯಬೇಡ. ಮುದ್ದೆ ಮೆತ್ತಗಿರಲಿ, ಕೆಳಗೆ ಹಲ್ಲಿಲ್ಲ. ಅವರ ಆಣೆ ನನ್ನ ಕೈಗೆ ಮಾತ್ರ, ನಿನ್ನ ಕೈಗಿಲ್ಲ. ನೀನು ಬರದಿದ್ದರೂ ನಾನು ಹೋಗುತ್ತೇನೆ ಕಣೋ. ಆದರೆ ಅವತ್ತು ಅಪ್ಪ ಹಸಿದುಕೊಂಡು ಕೂರಬಾರದು.